ಕಿರ್ದಿ ಬೇರೆ, ಖಾತೆ ಬೇರೆ: ಮುಖ್ಯ ಕೆಲಸ ಮುಗಿಯುವ ಹಾಗೆ ಟು ಡು ಆ್ಯಪ್ ಬಳಸುವ ಕ್ರಮ

ಎರಡು ವರ್ಷದ ಹಿಂದೆ ನನ್ನ ಪಾರ್ಟಿಯೊಬ್ಬರಿಗೆ ಜಿಎಸ್‌ಟಿ ಇಲಾಖೆಯಿಂದ ಎಎಸ್‌ಎಂಟಿ-10 ನೋಟಿಸ್ ಬಂತು. (ಟ್ಯಾಕ್ಸ್ ಕಸುಬಿನಲ್ಲಿ ಗಿರಾಕಿಯನ್ನು ಪಾರ್ಟಿ ಅಂತಲೇ ಕರೆಯುವುದು.) ಸಲ್ಲಿಸಿದ ರಿಟರ್ನ್‌ನ ಲೆಕ್ಕ ತಾಳೆಯಾಗದಿದ್ದಾಗ ಬರುವ ನೋಟಿಸ್ ಅದು. ಉತ್ತರ ಕೊಡಲು 30 ದಿನ. ಒಂದೇ ಮನಸ್ಸಿನಿಂದ ಕೂತರೆ ಎರಡು ದಿನದ ಕೆಲಸ. ನಾನು ಕೈ ಹಚ್ಚಿದ್ದು 28ನೇ ದಿನ ರಾತ್ರಿ.

ಅಷ್ಟು ದಿನ ಕಾಲು ಚಾಚಿ ಕೂತಿದ್ದೆ ಅಂದುಕೊಳ್ಳಬೇಡಿ. ದಾವಣಗೆರೆಯ ಚೌಕಿಪೇಟೆ ಹತ್ತಿರ ನನ್ನದೊಂದು ಸಣ್ಣ ರೂಮಿದೆ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆದರೆ ರಾತ್ರಿ ಎಂಟರವರೆಗೆ ಪುರಸೊತ್ತಿಲ್ಲ. ಲಾರಿ ಲೋಡಾಗಿ ನಿಂತಿದೆ, ಇ-ವೇ ಬಿಲ್ ಬೇಕು. ಬ್ಯಾಂಕಿನವರು ಮೂರು ವರ್ಷದ ಐಟಿಆರ್ (ಆದಾಯ ತೆರಿಗೆ ರಿಟರ್ನ್) ಕಾಪಿ ಕೇಳಿದ್ದಾರೆ. ಪಾಸ್‌ವರ್ಡ್ ಮರೆತಿದೆ, ಓಟಿಪಿ ಯಾರ ಫೋನಿಗೆ ಹೋಯಿತೋ ಗೊತ್ತಿಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ಕೆಲಸ ಮುಗಿಸಿಯೇ ಮನೆಗೆ ಹೋಗುತ್ತಿದ್ದೆ. ನೋಟಿಸ್ ಮರೆತೂ ಇರಲಿಲ್ಲ. ಫೋನಿನ ಕೆಲಸದ ಪಟ್ಟಿಯಲ್ಲಿ ಅದನ್ನು ಬರೆದಿಟ್ಟಿದ್ದೆ. ದಿನಾ ಕಣ್ಣಿಗೆ ಬೀಳುತ್ತಿತ್ತು, ದಿನಾ ಬೆರಳಿನಿಂದ ಮೇಲೆ ತಳ್ಳಿ ಕೆಳಗಿನ ಸುಲಭದ ಕೆಲಸ ಹುಡುಕುತ್ತಿದ್ದೆ. ಪಟ್ಟಿಯಲ್ಲಿ ಆಗ ನೂರಕ್ಕೂ ಹೆಚ್ಚು ಸಾಲಿದ್ದವು.

ಅಂದರೆ ತಪ್ಪಿದ್ದು ಪಟ್ಟಿ ಇಲ್ಲದ್ದರಿಂದ ಅಲ್ಲ, ಇದ್ದದ್ದು ಒಂದೇ ಪಟ್ಟಿ ಎಂಬುದರಿಂದ. ಲೆಕ್ಕ ಬರೆಯುವವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಒಂದು ರೋಜು ಕಿರ್ದಿ, ಆ ದಿನದ್ದಷ್ಟೇ ಬರೆಯುವುದು. ಇನ್ನೊಂದು ಖಾತೆ ಪುಸ್ತಕ, ಯಾರದು ಎಷ್ಟು ಬಾಕಿ ಎಂದು ಹೆಸರುವಾರು ಇಡುವುದು. ಗಲ್ಲೆಯ ಮೇಲೆ ಕೂತವನ ಎದುರು ತೆರೆದಿರುವುದು ಕಿರ್ದಿ ಮಾತ್ರ. ಖಾತೆ ಪುಸ್ತಕ ಹಿಂದಿನ ಕಪಾಟಿನಲ್ಲಿ. ಇಡೀ ಊರಿನ ಬಾಕಿಯನ್ನು ಎದುರಿಗೆ ಹರಡಿಕೊಂಡು ಯಾರೂ ವ್ಯಾಪಾರ ಮಾಡುವುದಿಲ್ಲ. ನಾನು ಮಾಡುತ್ತಿದ್ದದ್ದು ಅದೇ.

ಮುಂದೆ ಹೇಳುವ ಕ್ರಮವೆಲ್ಲ ಈ ಎರಡು ಪುಸ್ತಕವನ್ನು ಫೋನಿನಲ್ಲಿ ಬೇರೆಬೇರೆ ಇಡುವುದರ ಬಗ್ಗೆ.

ಯಾವ ಆ್ಯಪ್

ನಾನು ಬಳಸುವುದು ಮೈಕ್ರೋಸಾಫ್ಟ್ ಟು ಡು. ದುಡ್ಡು ಕೊಡಬೇಕಿಲ್ಲ, ಮೈಕ್ರೋಸಾಫ್ಟ್ ಖಾತೆ ಇದ್ದರೆ ಸಾಕು; ಆಂಡ್ರಾಯ್ಡ್, ಐಫೋನ್, ವಿಂಡೋಸ್, ಬ್ರೌಸರ್ ಎಲ್ಲದರಲ್ಲೂ ಅದೇ ಪಟ್ಟಿ ಕಾಣುತ್ತದೆ. ಬರ್ಲಿನ್‌ನ ವುಂಡರ್‌ಲಿಸ್ಟ್ ಎಂಬ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡಿತು, ಅದೇ ತಂಡ 2017ರಲ್ಲಿ ಟು ಡು ಹೊರತಂದಿತು, 2020ರ ಮೇ ತಿಂಗಳಲ್ಲಿ ವುಂಡರ್‌ಲಿಸ್ಟ್ ಬಾಗಿಲು ಮುಚ್ಚಿತು. ಹಳಬರಿಗೆ ಅದರ ನೆನಪು ಇನ್ನೂ ಸಿಹಿ.

ಇದನ್ನೇ ಆರಿಸಿಕೊಂಡದ್ದು ‘ಮೈ ಡೇ’ ಎಂಬ ಒಂದು ಪುಟಕ್ಕಾಗಿ. ಆ ಪುಟ ಪ್ರತಿ ರಾತ್ರಿ ಹನ್ನೆರಡಕ್ಕೆ ಖಾಲಿಯಾಗುತ್ತದೆ. ಮುಗಿಯದ ಕೆಲಸ ಅಳಿಯುವುದಿಲ್ಲ, ತನ್ನ ಮೂಲ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ಬೆಳಿಗ್ಗೆ ತೆರೆದಾಗ ಎದುರಿಗಿರುವುದು ಖಾಲಿ ಪುಟ. ಕಿರ್ದಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ: ಕಿರ್ದಿಯಲ್ಲಿ ನಿನ್ನೆಯ ಆಖೈರು ಶಿಲ್ಕು (ದಿನದ ಕೊನೆಗೆ ಉಳಿದ ಮೊತ್ತ) ಇವತ್ತಿನ ಆರಂಭದ ಶಿಲ್ಕಾಗಿ ತಾನೇ ಮುಂದೆ ಬರುತ್ತದೆ. ಇಲ್ಲಿ ಶಿಲ್ಕು ತಾನಾಗಿ ಬರುವುದಿಲ್ಲ, ನೀವೇ ಕೈಹಿಡಿದು ಕರೆತರಬೇಕು. ಮೊದಲ ವಾರ ಇದು ಕಿರಿಕಿರಿ. ಆಮೇಲೆ ಗೊತ್ತಾಗುತ್ತದೆ, ಉಪಯೋಗ ಇರುವುದೇ ಆ ಕಿರಿಕಿರಿಯಲ್ಲಿ.

ಗೂಗಲ್ ಟಾಸ್ಕ್ಸ್, ಟುಡೂಯಿಸ್ಟ್, ಟಿಕ್‌ಟಿಕ್ ಬಳಸುವವರು ಆ್ಯಪ್ ಬದಲಿಸಬೇಕಾಗಿಲ್ಲ. ‘ಇವತ್ತು’ ಎಂಬ ಹೆಸರಿನ ಪಟ್ಟಿಯೊಂದನ್ನು ಮಾಡಿ, ರಾತ್ರಿ ಕೈಯಾರೆ ಖಾಲಿ ಮಾಡಿದರೂ ಆಯಿತು.

ಮೊದಲು: ಆ್ಯಪಿನ ಬಾಯಿ ಕಟ್ಟುವುದು

ಹಾಕಿಕೊಂಡ ತಕ್ಷಣ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ‘ಸ್ಮಾರ್ಟ್ ಲಿಸ್ಟ್ಸ್’ ಎಂದು ಒಂದಷ್ಟು ಸಿದ್ಧಪಟ್ಟಿಗಳಿವೆ. ‘ಪ್ಲ್ಯಾನ್ಡ್’ ಒಂದನ್ನು ಬಿಟ್ಟು ಉಳಿದವನ್ನು ಆಫ್ ಮಾಡಿ. ‘ಇಂಪಾರ್ಟೆಂಟ್’ ಪಟ್ಟಿಯನ್ನೂ. ಮುಖ್ಯ ಕೆಲಸದ ಬಗ್ಗೆ ಬರೆಯುತ್ತ ಅದನ್ನೇ ಆಫ್ ಮಾಡಿಸುತ್ತಾನಲ್ಲ ಎನ್ನಬೇಡಿ. ನಕ್ಷತ್ರದ ಗುರುತು ಪುಕ್ಕಟೆ ಸಿಗುವುದರಿಂದ ನಾವು ಅದನ್ನು ಎಲ್ಲಕ್ಕೂ ಹಚ್ಚುತ್ತೇವೆ. ನನ್ನ ಹಳೆಯ ಪಟ್ಟಿಯಲ್ಲಿ ಮೂವತ್ತೊಂದು ಕೆಲಸಕ್ಕೆ ನಕ್ಷತ್ರವಿತ್ತು. ಗುರುತನ್ನು ಬೇರೆ ರೀತಿ ಬಳಸುವುದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಪಟ್ಟಿಗಳು. ನಾಲ್ಕಕ್ಕಿಂತ ಹೆಚ್ಚು ಬೇಡ. ನನ್ನವು ಹೀಗಿವೆ: ಪಾರ್ಟಿ ಕೆಲಸ, ನನ್ನ ಕೆಲಸ, ಮನೆ, ಮುಂದೆಂದಾದರೂ. ಪಾರ್ಟಿಗೊಂದು ಪಟ್ಟಿ ಮಾಡಿ ನೋಡಿದ್ದೆ. ಅರವತ್ತು ಪಟ್ಟಿಯಾಯಿತು, ಯಾವುದನ್ನೂ ತೆರೆಯಲಿಲ್ಲ. ಪಾರ್ಟಿಯ ಹೆಸರನ್ನು ಕೆಲಸದ ಸಾಲಿನಲ್ಲೇ ಬರೆದರೆ ಹುಡುಕಿದಾಗ ಸಿಗುತ್ತದೆ.

ಇನ್ನೊಂದು ಚಿಕ್ಕ ವಿಷಯ, ಆದರೆ ಇದನ್ನು ಬಿಟ್ಟರೆ ಕೈಕೊಡುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪನ್ನು ಮಲಗಿಸಿಬಿಡುತ್ತವೆ. ರಿಮೈಂಡರ್ ಬಾರಿಸುವುದೇ ಇಲ್ಲ. ಆ್ಯಪಿನ ಐಕಾನ್ ಒತ್ತಿ ಹಿಡಿದು ‘ಆ್ಯಪ್ ಇನ್ಫೋ’ಗೆ ಹೋಗಿ, ಬ್ಯಾಟರಿಯಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಅಲ್ಲೇ ನೋಟಿಫಿಕೇಷನ್ ಅನುಮತಿ ಇದೆಯೇ ನೋಡಿ. ಆಂಡ್ರಾಯ್ಡ್ 13ರಿಂದ ಈಚೆಗೆ ಅದನ್ನು ಕೇಳಿಯೇ ಕೊಡಬೇಕು, ಅವಸರದಲ್ಲಿ ಬೇಡ ಎಂದು ಒತ್ತಿರುತ್ತೇವೆ. ಎರಡು ನಿಮಿಷದ ನಂತರಕ್ಕೆ ಒಂದು ರಿಮೈಂಡರ್ ಇಟ್ಟು ಪರೀಕ್ಷಿಸಿ.

ಖಾತೆ ಪುಸ್ತಕ ತುಂಬಿಸುವುದು

ಒಂದು ಭಾನುವಾರ ಒಂದು ಗಂಟೆ ಇದಕ್ಕೆ ಕೊಡಿ. ತಲೆಯಲ್ಲಿರುವುದು, ಡೈರಿಯಲ್ಲಿರುವುದು, ವಾಟ್ಸ್‌ಆ್ಯಪಿನಲ್ಲಿ ನಕ್ಷತ್ರ ಹಾಕಿಟ್ಟದ್ದು, ಮೇಜಿನ ಗಾಜಿನ ಕೆಳಗಿನ ಚೀಟಿಗಳು, ಎಲ್ಲ ಸುರಿಯಿರಿ. ಕನ್ನಡ ಟೈಪಿಂಗ್ ನಿಧಾನ ಅನ್ನುವವರು ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಭಾಷೆ ಸೇರಿಸಿ, ಮೈಕ್ ಒತ್ತಿ ಹೇಳಿ. ಅಡಿಕೆ, ಹತ್ತಿ, ಮಂಡಕ್ಕಿ ಭಟ್ಟಿ ಎಲ್ಲವನ್ನೂ ಅದು ಚೆನ್ನಾಗಿಯೇ ಬರೆದುಕೊಳ್ಳುತ್ತದೆ. ಪಾರ್ಟಿಗಳ ಹೆಸರಿನಲ್ಲಿ ಮಾತ್ರ ಆಗಾಗ ನಗು ತರಿಸುತ್ತದೆ.

ಸುರಿದದ್ದಾದ ಮೇಲೆ ಒಂದೊಂದು ಸಾಲನ್ನೂ ತಿದ್ದಿ ಬರೆಯಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಪಟ್ಟಿಯಲ್ಲಿದ್ದ ಸಾಲು ‘ನೋಟಿಸ್’ ಎಂಬ ಒಂದೇ ಪದ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಣ್ಣ ತಳಮಳ. ಏಕೆಂದರೆ ಅದು ಕೆಲಸವಲ್ಲ, ಹೆದರಿಕೆಯ ಹೆಸರು. ಎಲ್ಲಿಂದ ಶುರು ಮಾಡಬೇಕೆಂದು ಅದು ಹೇಳುವುದಿಲ್ಲ. ಪಕ್ಕದ ಸಾಲು ‘ಇ-ವೇ ಬಿಲ್ ತೆಗೆ’ ಎಂದಿತ್ತು. ಕೈ ತಾನಾಗಿ ಅತ್ತ ಹೋಗುತ್ತಿತ್ತು. ಈಗಾದರೆ ಆ ಸಾಲನ್ನು ಹೀಗೆ ಬರೆಯುತ್ತೇನೆ: ‘ಬಟ್ಟೆ ಅಂಗಡಿ ನೋಟಿಸ್‌ಗೆ ಉತ್ತರ ಸಲ್ಲಿಸು’. ಅದನ್ನು ತೆರೆದು ಒಳಗೆ ‘ಆ್ಯಡ್ ಸ್ಟೆಪ್’ ಒತ್ತಿ ಮೆಟ್ಟಿಲು ಹಾಕುತ್ತೇನೆ:

ನೋಟಿಸ್ ಪ್ರಿಂಟ್ ತೆಗೆದು ವ್ಯತ್ಯಾಸದ ಮೊತ್ತಕ್ಕೆ ಗೆರೆ ಹಾಕು
ಆ ತಿಂಗಳುಗಳ 2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಡೌನ್‌ಲೋಡ್ ಮಾಡು
ಖರೀದಿ ಪುಸ್ತಕದ ಜತೆ ತಾಳೆ ನೋಡು
ಸಿಗದ ಬಿಲ್ಲುಗಳ ಪಟ್ಟಿ ಮಾಡಿ ಪಾರ್ಟಿಗೆ ಕಳಿಸು
ಎಎಸ್‌ಎಂಟಿ-11ರ (ನೋಟಿಸ್‌ಗೆ ಉತ್ತರ ಕೊಡುವ ಫಾರಂ) ಕರಡು ಬರೆ

ಮೊದಲ ಮೆಟ್ಟಿಲು ನೋಡಿ. ಪ್ರಿಂಟ್ ತೆಗೆದು ಗೆರೆ ಹಾಕುವುದು. ಹತ್ತು ನಿಮಿಷವೂ ಬೇಡ, ಬುದ್ಧಿಯೂ ಬೇಡ. ಹಿಂಜರಿಕೆ ಹುಟ್ಟಿಸುವ ಯಾವ ಕೆಲಸಕ್ಕೂ ಮೊದಲ ಮೆಟ್ಟಿಲು ಇಷ್ಟು ತಗ್ಗಿರಬೇಕು. ಸಾಲು ಕ್ರಿಯಾಪದದಲ್ಲಿ ಮುಗಿಯಬೇಕು: ಕಳಿಸು, ಬರೆ, ಕೇಳು, ಸಲ್ಲಿಸು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ಸಾಲನ್ನು ಅರ್ಧಕ್ಕೆ ನಿಲ್ಲಿಸಿದರೆ ಬಿಟ್ಟುಹೋಗುವುದೂ ಅದೇ. ನಿಮ್ಮ ಪಟ್ಟಿಯಲ್ಲಿ ‘ಮಗಳ ಶಾಲೆ’, ‘ಖಾತೆ ಬದಲಾವಣೆ’, ‘ಥೀಸಿಸ್’ ಎಂಬಂಥ ಸಾಲುಗಳಿದ್ದರೆ ಮೊದಲು ಅವನ್ನು ಹುಡುಕಿ ತಿದ್ದಿ.

ದಿನಾಂಕ: ಸುಳ್ಳು ಹೇಳಬೇಡಿ

‘ಡ್ಯೂ ಡೇಟ್’ ಹಾಕುವುದು ಹೊರಗಿನವರು ಕೊಟ್ಟ ಗಡುವಿದ್ದರೆ ಮಾತ್ರ. ನನ್ನ ಕಸುಬಿನಲ್ಲಿ ಅವು ಪಂಚಾಂಗದ ಹಾಗೆ ಗಟ್ಟಿ: ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಲು 7ನೇ ತಾರೀಖು, ತಿಂಗಳ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11, ಕೆಲಸಗಾರರ ಪಿಎಫ್ ಮತ್ತು ಇಎಸ್‌ಐಗೆ 15, ಜಿಎಸ್‌ಟಿಆರ್-3ಬಿಗೆ (ತೆರಿಗೆ ಕಟ್ಟುವ ರಿಟರ್ನ್) 20. ಇವನ್ನು ಒಮ್ಮೆ ಬರೆದು ‘ರಿಪೀಟ್’ನಲ್ಲಿ ‘ಮಂತ್ಲಿ’ ಆರಿಸಿಬಿಟ್ಟಿದ್ದೇನೆ. ಈ ತಿಂಗಳದ್ದಕ್ಕೆ ಟಿಕ್ ಹಾಕಿದ ಕೂಡಲೇ ಮುಂದಿನ ತಿಂಗಳದ್ದು ತಾನೇ ಹುಟ್ಟುತ್ತದೆ. ರಿಮೈಂಡರ್ ಮಾತ್ರ ಗಡುವಿನ ದಿನಕ್ಕಲ್ಲ, ಕೆಲಸ ಶುರುವಾಗಬೇಕಾದ ದಿನಕ್ಕೆ. 3ಬಿಗೆ ಬೇಕಾದ 2ಬಿ ಸಿಗುವುದೇ 14ಕ್ಕೆ. ಆದ್ದರಿಂದ 3ಬಿ ರಿಮೈಂಡರ್ 15ರ ಬೆಳಿಗ್ಗೆ.

ಗಡುವಿಲ್ಲದ ಕೆಲಸಕ್ಕೆ ‘ಶುಕ್ರವಾರದೊಳಗೆ ಮಾಡೋಣ’ ಎಂದು ದಿನಾಂಕ ಹಾಕಿದರೆ ಏನಾಗುತ್ತದೆ? ಶನಿವಾರ ಅದು ಕೆಂಪಾಗುತ್ತದೆ. ಎರಡು ವಾರದಲ್ಲಿ ಹತ್ತು ಕೆಂಪು ಸಾಲು. ಅದರಲ್ಲಿ ಒಂಬತ್ತು ಸುಳ್ಳು ಕೆಂಪು, ಒಂದು ನಿಜದ್ದು. ಕಣ್ಣು ಕೆಂಪಿಗೆ ಒಗ್ಗಿಹೋಗಿ ಆ ನಿಜದ್ದೂ ಕಾಣುವುದಿಲ್ಲ.

ಬೆಳಿಗ್ಗೆ ಏಳು ನಿಮಿಷ

ಇಡೀ ಪದ್ಧತಿಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ವಾಟ್ಸ್‌ಆ್ಯಪ್ ತೆರೆಯುವ ಮುಂಚೆ ಮೈ ಡೇ ತೆರೆಯಬೇಕು. ಮುಂಚೆ ಎಂದರೆ ಮುಂಚೆಯೇ. ತೆರೆದ ಮೇಲೆ ಬರುವ ಹನ್ನೆರಡು ಸಂದೇಶಗಳು ನಿಮ್ಮ ದಿನವನ್ನು ನಿಮ್ಮ ಬದಲಿಗೆ ಬರೆದುಬಿಡುತ್ತವೆ. ಮೈ ಡೇಯ ವಿಜೆಟ್ ಒಂದನ್ನು ಫೋನಿನ ಮುಖಪುಟದಲ್ಲಿಟ್ಟು, ವಾಟ್ಸ್‌ಆ್ಯಪ್ ಐಕಾನನ್ನು ಎರಡನೇ ಪುಟಕ್ಕೆ ತಳ್ಳಿದ್ದೇನೆ. ಹುಡುಗಾಟದಂತೆ ಕಂಡರೂ ಕೆಲಸ ಮಾಡುತ್ತದೆ.

ಖಾಲಿ ಪುಟದಲ್ಲಿ ಬಲ್ಬಿನ ಚಿತ್ರ ಒತ್ತಿದರೆ ‘ಸಜೆಶನ್ಸ್’ ತೆರೆಯುತ್ತದೆ. ನಿನ್ನೆ ಉಳಿದದ್ದು, ಗಡುವು ಹತ್ತಿರ ಬಂದದ್ದು, ಇತ್ತೀಚೆಗೆ ಸೇರಿಸಿದ್ದು ಅಲ್ಲಿರುತ್ತವೆ. ಪಕ್ಕದ ಪ್ಲಸ್ ಒತ್ತಿದರೆ ಇವತ್ತಿಗೆ ಸೇರುತ್ತದೆ. ಎಲ್ಲಕ್ಕೂ ಪ್ಲಸ್ ಒತ್ತುವ ಚಪಲ ಬರುತ್ತದೆ, ತಡೆಯಿರಿ. ನನ್ನ ಮಿತಿ ಐದು. ಅದರಲ್ಲಿ ಒಂದಕ್ಕೆ, ಒಂದಕ್ಕೇ, ನಕ್ಷತ್ರ. ನಕ್ಷತ್ರದ ಕೆಲಸ ಮೊದಲ ಎರಡು ಗಂಟೆಯದು. ಮುಗಿದರೂ ಮುಗಿಯದಿದ್ದರೂ ರಾತ್ರಿ ನಕ್ಷತ್ರ ತೆಗೆದುಬಿಡುತ್ತೇನೆ, ನಾಳೆ ಮತ್ತೆ ಹೊಸದಾಗಿ ಆರಿಸಲು.

ಯಾವುದಕ್ಕೆ ನಕ್ಷತ್ರ? 1954ರಲ್ಲಿ ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್, ಕಾಲೇಜೊಂದರ ಮಾಜಿ ಮುಖ್ಯಸ್ಥರ ಮಾತೆಂದು ಹೇಳಿ, ಸಮಸ್ಯೆಗಳಲ್ಲಿ ತುರ್ತಿನವು ಮತ್ತು ಮುಖ್ಯವಾದವು ಎಂದು ಎರಡು ಬಗೆ ಮಾಡಿದ್ದರು. ಆ ಮಾತಿನಿಂದ ನಾಲ್ಕು ಚೌಕದ ಕೋಷ್ಟಕವೊಂದು ಹುಟ್ಟಿ ತರಬೇತಿ ಶಿಬಿರಗಳಲ್ಲೆಲ್ಲ ಓಡಾಡುತ್ತಿದೆ. ಬೆಳಿಗ್ಗೆ ಒಂಬತ್ತೂವರೆಗೆ ಚೌಕ ಬರೆಯುತ್ತ ಕೂರಲು ನನ್ನಿಂದಾಗದು. ನನ್ನ ಪ್ರಶ್ನೆ ಒಂದೇ: ಇದನ್ನು ಇವತ್ತು ಮಾಡದಿದ್ದರೆ ಯಾರಾದರೂ ಫೋನ್ ಮಾಡುತ್ತಾರಾ?

ಫೋನ್ ಮಾಡುತ್ತಾರೆ ಎಂದರೆ ಆ ಕೆಲಸವನ್ನು ನೆನಪಿಸುವವರಿದ್ದಾರೆ; ಅದು ಹೇಗಾದರೂ ಆಗಿಯೇ ಆಗುತ್ತದೆ. ಇ-ವೇ ಬಿಲ್ ಮರೆಯಲು ಲಾರಿ ಡ್ರೈವರ್ ಬಿಡುವುದಿಲ್ಲ. ಯಾರೂ ಫೋನ್ ಮಾಡದ, ಆದರೆ ಒಂದು ದಿನ ಕುತ್ತಿಗೆಗೆ ಬರುವ ಕೆಲಸವಿದೆಯಲ್ಲ, ನಕ್ಷತ್ರ ಅದಕ್ಕೆ. ನೋಟಿಸ್ ಅಂಥದ್ದು, ಇಲಾಖೆ 29 ದಿನ ಮೌನವಾಗಿರುತ್ತದೆ. ಅರ್ಧಕ್ಕೆ ನಿಂತ ಪರೀಕ್ಷೆಯ ಓದು ಅಂಥದ್ದು. ಅಪ್ಪನ ಬಿಪಿ ತಪಾಸಣೆಯೂ ಅಂಥದ್ದೇ.

ಎಷ್ಟು ಹೊತ್ತು ಬೇಕು

ಟು ಡು ಆ್ಯಪಿಗೆ ದಿನದಲ್ಲಿ ಎಷ್ಟು ಗಂಟೆ ಇದೆ ಎಂದು ಗೊತ್ತಿಲ್ಲ. ಐವತ್ತು ಕೆಲಸ ಹಾಕಿದರೂ ಅದು ಸುಮ್ಮನೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಆರಿಸಿದ ಪ್ರತಿ ಸಾಲಿನ ಕೊನೆಗೆ ನಿಮಿಷ ಬರೆಯಿರಿ: ‘ಕರಡು ಬರೆ 90’. ಕೂಡಿಸಿ ನೋಡಿ.

ನಮ್ಮ ಅಂದಾಜು ಎಷ್ಟು ತಪ್ಪುತ್ತದೆ ಎಂಬುದಕ್ಕೆ 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ಪ್ರಸಿದ್ಧ. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಅಂದಾಜಿನ ಸರಾಸರಿ 33.9 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಅಂದಾಜಿನ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ನಾನು ಲೆಕ್ಕ ಸುಲಭವಾಗಲೆಂದು ಒಂದೂವರೆ ಪಟ್ಟು ಮಾಡುತ್ತೇನೆ. ತೊಂಬತ್ತು ಎಂದು ಬರೆದದ್ದಕ್ಕೆ ಎರಡೂಕಾಲು ಗಂಟೆ. ಹಾಗೆ ಕೂಡಿಸಿದಾಗ ಐದು ಕೆಲಸವೂ ಹೆಚ್ಚೆಂದು ಗೊತ್ತಾಗುವ ದಿನಗಳೇ ಜಾಸ್ತಿ.

ನಕ್ಷತ್ರದ ಕೆಲಸವನ್ನು ಫೋನಿನ ಕ್ಯಾಲೆಂಡರಿನಲ್ಲೂ ಹೊತ್ತು ಹಾಕಿ ಬರೆದಿಡುತ್ತೇನೆ, 9.45ರಿಂದ 11.45. ಉಳಿದವಕ್ಕೆ ಅದರ ಗೊಡವೆ ಬೇಡ.

ನಡುವೆ ಬಾಗಿಲು ಬಡಿದರೆ

ಬಡಿಯುತ್ತಾರೆ. ಆ ಎರಡು ಗಂಟೆಗೆ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿರುವ ‘ಫೋಕಸ್ ಮೋಡ್’ ಹಚ್ಚುತ್ತೇನೆ. ವಾಟ್ಸ್‌ಆ್ಯಪ್, ಯೂಟ್ಯೂಬ್ ಆಗ ತೆರೆಯುವುದಿಲ್ಲ. ಕರೆ ಬರುತ್ತದೆ, ಬರಲಿ. ಪಾರ್ಟಿಗಳಿಗೆ ಹೇಳುವ ಮಾತನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದೇನೆ: ‘ಹನ್ನೆರಡಕ್ಕ ನೋಡಿ ನಾನೇ ಫೋನ್ ಮಾಡ್ತೀನ್ರಿ ಅಣ್ಣಾ.’ ‘ಆಮೇಲೆ ಮಾಡ್ತೀನಿ’ ಎಂದರೆ ಹತ್ತು ನಿಮಿಷಕ್ಕೆ ಮತ್ತೆ ಫೋನ್. ಹೊತ್ತು ಹೇಳಿದರೆ ಕಾಯುತ್ತಾರೆ, ಹೇಳಿದ ಹೊತ್ತಿಗೆ ಮಾಡಿದರೆ ಮುಂದಿನ ಸಲವೂ ಕಾಯುತ್ತಾರೆ. ಲಾರಿ ನಿಂತಿದ್ದರೆ ಮಾತ್ರ ಎದ್ದು ಮಾಡಿಕೊಡುತ್ತೇನೆ, ಅದರಲ್ಲಿ ಹಟ ಬೇಡ.

ಕರೆ ಇಟ್ಟ ತಕ್ಷಣ ಅವರು ಹೇಳಿದ್ದನ್ನು ‘ಟಾಸ್ಕ್ಸ್’ ಎಂಬ ಮೂಲ ಪಟ್ಟಿಗೆ ಒಂದು ಸಾಲು ಬರೆದು ಬಿಟ್ಟುಬಿಡುತ್ತೇನೆ. ಅದು ನನ್ನ ಚಿಲ್ಲರೆ ಡಬ್ಬಿ. ಮೈ ಡೇ ಪುಟದಲ್ಲಿ ನೇರ ಬರೆಯುವುದಿಲ್ಲ. ಬರೆದರೆ ಬೆಳಿಗ್ಗೆ ಆರಿಸಿದ ಐದು ಮಧ್ಯಾಹ್ನದ ಹೊತ್ತಿಗೆ ಹದಿನೈದು. ತಲೆಯಲ್ಲೇ ಇಟ್ಟುಕೊಂಡರೆ ಇನ್ನೂ ಕಷ್ಟ. ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ನುಸುಳಿ ಕಾಡುತ್ತದೆ ಎಂಬುದನ್ನೂ, ಅದಕ್ಕೊಂದು ನಿರ್ದಿಷ್ಟ ಯೋಜನೆ ಮಾಡಿದರೆ ಕಾಟ ತಗ್ಗುತ್ತದೆ ಎಂಬುದನ್ನೂ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಹನ್ನೆರಡಕ್ಕೆ ಡಬ್ಬಿ ತೆರೆದು ಒಂದೊಂದಾಗಿ ಮುಗಿಸುತ್ತೇನೆ.

ಸಂಜೆಯ ಶಿಲ್ಕು

ಬಾಗಿಲು ಹಾಕುವ ಮುಂಚೆ ಐದು ನಿಮಿಷ. ಆದದ್ದಕ್ಕೆ ಟಿಕ್. ಡಬ್ಬಿಯಲ್ಲಿ ಉಳಿದದ್ದನ್ನು ನಾಲ್ಕು ಪಟ್ಟಿಗೆ ಹಂಚುವುದು. ನಾಳೆಯದನ್ನು ಈಗಲೇ ಆರಿಸಿಡಿ ಎಂದು ಬಹಳ ಜನ ಹೇಳುತ್ತಾರೆ. ನನಗದು ಒಗ್ಗಲಿಲ್ಲ: ದಣಿದ ಸಂಜೆ ಆರಿಸುವವನು ಬೆಳಗಿನವನ ಮೇಲೆ ಹತ್ತು ಕೆಲಸ ಹೊರಿಸುತ್ತಾನೆ.

ಗಮನಿಸಬೇಕಾದದ್ದು ಮತ್ತೆ ಮತ್ತೆ ಸಜೆಶನ್ಸ್‌ನಿಂದ ಬಂದು, ಮೈ ಡೇಗೆ ಏರಿ, ಹಾಗೇ ಉಳಿದು ಹೋಗುವ ಸಾಲನ್ನು. ಉಳಿದಾಗಲೆಲ್ಲ ಸಾಲಿನ ಹಿಂದೆ ಒಂದು ಚುಕ್ಕಿ ಹಾಕುತ್ತೇನೆ. ಮೂರು ಚುಕ್ಕಿಯಾದರೆ ಅದನ್ನು ಹಾಗೇ ಮುಂದಕ್ಕೆ ಒಯ್ಯುವಂತಿಲ್ಲ. ಮೊದಲ ಮೆಟ್ಟಿಲು ಎತ್ತರವಾಗಿದೆಯೇ? ಒಡೆದು ತಗ್ಗಿಸು. ಬೇರೆಯವರ ಉತ್ತರಕ್ಕೆ ಕಾಯುತ್ತಿದ್ದೇನೆಯೇ? ಹಾಗಾದರೆ ಸಾಲು ‘ಮಾಡು’ ಅಲ್ಲ, ‘ಫೋನ್ ಮಾಡಿ ಕೇಳು’. ರೂಮಿನಲ್ಲಿರುವ ಹುಡುಗ ಮಾಡಬಲ್ಲನೇ? ಅವನ ಜತೆ ಹಂಚಿಕೊಂಡ ಪಟ್ಟಿಗೆ ಸರಿಸು. ಇವ್ಯಾವುವೂ ಅಲ್ಲವೆಂದರೆ ನನಗೆ ಅದನ್ನು ಮಾಡುವ ಮನಸ್ಸಿಲ್ಲ ಎಂದರ್ಥ; ‘ಮುಂದೆಂದಾದರೂ’ ಪಟ್ಟಿಗೆ, ಇಲ್ಲವೇ ಕಸಕ್ಕೆ. ಬಾಕಿ ವಸೂಲಾಗದೆಂದು ಖಾತ್ರಿಯಾದಾಗ ಖಾತೆಯಿಂದ ವಜಾ ಮಾಡುವುದಿಲ್ಲವೇ, ಹಾಗೆ.

ಶನಿವಾರ ಸಂಜೆ ಅರ್ಧ ಗಂಟೆ ನಾಲ್ಕೂ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತೇನೆ. ಖಾತೆ ಪುಸ್ತಕವನ್ನು ಪೂರ್ತಿ ತೆರೆಯುವುದು ಆವಾಗೊಮ್ಮೆ ಮಾತ್ರ.

ಆಗದ ದಿನಗಳು

ತಿಂಗಳ 18ರಿಂದ 20ರವರೆಗೆ ಈ ಕ್ರಮವೆಲ್ಲ ನನ್ನಲ್ಲಿ ನಡೆಯುವುದಿಲ್ಲ. 3ಬಿ ಸಾಲುಸಾಲಾಗಿ ಹೋಗುತ್ತಿರುತ್ತವೆ, ಪೋರ್ಟಲ್ ತಿರುಗುತ್ತಲೇ ಇರುತ್ತದೆ, ಆ ದಿನಗಳಲ್ಲಿ ತುರ್ತು ಯಾವುದು ಮುಖ್ಯ ಯಾವುದು ಎಂಬ ಪ್ರಶ್ನೆಯೇ ಇಲ್ಲ. ಮೊದಮೊದಲು ಆಗಲೂ ಐದು ಆರಿಸಿ, ಒಂದೂ ಆಗದೆ, ಬೇಸರಪಟ್ಟು ಆ್ಯಪನ್ನೇ ವಾರಗಟ್ಟಲೆ ಬಿಟ್ಟದ್ದುಂಟು. ಈಗ ಆ ಮೂರು ದಿನ ಮೈ ಡೇಯಲ್ಲಿ ಒಂದೇ ಸಾಲು: ‘3ಬಿ ಸಲ್ಲಿಸು’. ಪಾರ್ಟಿಗಳ ಹೆಸರೆಲ್ಲ ಅದರ ಒಳಗೆ ಮೆಟ್ಟಿಲುಗಳಾಗಿ. ಒಬ್ಬೊಬ್ಬರದು ಮುಗಿದಂತೆ ಒಂದೊಂದು ಟಿಕ್. 21ರ ಬೆಳಿಗ್ಗೆ ಪುಟ ಮತ್ತೆ ಖಾಲಿ. ಬೆಣ್ಣೆದೋಸೆ ತಿಂದು ಬಂದು ಬಲ್ಬ್ ಒತ್ತುತ್ತೇನೆ.